ಕಳ್ಳರು ಕದಿಯದ ಒಡವೆ

ಒಡವೆಗಳಲ್ಲೆಲ್ಲ ಕಳ್ಳರ ಭಯವಿಲ್ಲದ ಒಡವೆ ಯಾವುದೆಂದು ಕೇಳಿದರೆ ಪಟ್ಟಣದ ಗೃಹಿಣಿಯರು, ಬ್ಯಾಂಕಿನ ಲಾಕರಿನಲ್ಲಿ ಇಟ್ಟದ್ದು ಎಂದು ಹೇಳಿಯಾರು. ನಮ್ಮ ಕಡೆಯ ಹಳ್ಳಿಯ ಮುದುಕಿಯರ ಉತ್ತರ ಬೇರೆ. ಅವರು ಮಾತನ್ನೇ ಆಡದೆ ಮುಂಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ ಹಚ್ಚೆಯನ್ನು ತೋರಿಸುತ್ತಾರೆ. ಚಿನ್ನವನ್ನು ಕಳ್ಳ ಒಯ್ಯಬಹುದು. ಬೆಳ್ಳಿಯನ್ನು ಗಂಡ ಗಿರವಿ ಇಡಬಹುದು. ಸೀರೆಯನ್ನು ನಾದಿನಿ ಉಟ್ಟು ಹರಿಯಬಹುದು. ಹಚ್ಚೆಯನ್ನು ಯಾರೂ ಏನೂ ಮಾಡುವಂತಿಲ್ಲ. ಅದು ಮಾರಾಟಕ್ಕಿಲ್ಲ, ಗಿರವಿಗಿಲ್ಲ, ಅಣ್ಣತಮ್ಮಂದಿರ ಪಾಲುಪಟ್ಟಿಗೂ ಬರುವುದಿಲ್ಲ. ಸತ್ತಾಗ ನಮ್ಮ ಜೊತೆಗೆ ಬರುವ ಒಡವೆ ಅದೊಂದೇ ಎಂಬುದು ಹಳ್ಳಿಯವರ ನಂಬಿಕೆ.

ಹೆಸರೂ ಸೊಗಸಾದದ್ದು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಚ್ಚೆ ಹಚ್ಚೆಯಾಯಿತು. ಪಚ್ಚೆಯೆಂದರೆ ಹಸಿರು. ತಮಿಳರು ಇಂದಿಗೂ ಪಚ್ಚೈ ಕುತ್ತುವುದು ಎನ್ನುತ್ತಾರೆ. ತೆಲುಗಿನಲ್ಲಿ ಅದು ಪಚ್ಚಬೊಟ್ಟು. ಹುಯ್ಯುವ ಮಸಿ ಅಪ್ಪಟ ಕಪ್ಪು. ಹೆಸರು ಮಾತ್ರ ಹಸಿರಿನದು. ಈ ಸೋಜಿಗದ ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಬೆಂಗಳೂರಿನ ಒಂದು ಅಂಗಡಿಯಲ್ಲಿ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ನಾನು ಹೈಸ್ಕೂಲುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಡ್ರಾಯಿಂಗ್ ಮೇಷ್ಟರಾಗಿದ್ದವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ಒಟ್ಟುಗೂಡಿಸಿ ಶಿಕ್ಷಣ ಇಲಾಖೆಯವರು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆದಿದ್ದಾರಷ್ಟೆ. ನನ್ನ ವರ್ಗಾವಣೆಗಳೆಲ್ಲ ಆ ನಾಲ್ಕರೊಳಗೇ ಸುತ್ತಿದವು. ಮೊದಲು ಪಾವಗಡದ ಕಡೆ, ಆಮೇಲೆ ಶಿರಾ, ಅನಂತರ ಕೊರಟಗೆರೆ. ಪಿಂಚಣಿ ಬಂದದ್ದು ಮಧುಗಿರಿಯಲ್ಲಿ, ಆ ಒಂಟಿಬಂಡೆಯ ದುರ್ಗದ ಕೆಳಗೆ. ನಿತ್ಯ ಬಸ್ಸಿನಲ್ಲಿ ಓಡಾಡುವವನಿಗೆ ಕೂರಲು ಸ್ಥಳ ದೊರೆಯುವುದು ಅಪರೂಪ. ನಿಂತವನಿಗೆ ಕಾಣುವುದೇನು? ಮೇಲಿನ ಕಂಬಿಯನ್ನು ಹಿಡಿದ ಕೈಗಳು. ಸಂತೆಯ ದಿನ ಆ ಕಂಬಿಯುದ್ದಕ್ಕೂ ಮುಂಗೈಗಳ ಸಾಲು. ಆ ಸಾಲಿನ ಮೇಲೆ ಚುಕ್ಕೆಗಳು, ತೊಟ್ಟಿಲು, ಚೇಳು, ತುಳಸಿಕಟ್ಟೆ, ತೇರು. ಶಾಲೆಯ ಹಲಗೆಯ ಮೇಲೆ ನಾನು ಸೀಮೆಸುಣ್ಣದಿಂದ ಬಿಡಿಸುತ್ತಿದ್ದ ಹೂಜಿ, ಬುಟ್ಟಿಗಳಿಗಿಂತ ಈ ಪ್ರದರ್ಶನ ಎಷ್ಟೋ ಮೇಲಾಗಿದ್ದಿತು.

ಊರಿಂದೂರಿಗೆ ಸಣ್ಣಪುಟ್ಟ ವ್ಯತ್ಯಾಸಗಳನ್ನೂ ಕಂಡೆ. ಪಾವಗಡ ಆಂಧ್ರದ ಸೀಮೆಯೊಳಕ್ಕೆ ಚಾಚಿಕೊಂಡ ತಾಲ್ಲೂಕು. ಶಾಲೆಯಲ್ಲಿ ಕನ್ನಡ ಓದಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಅಲ್ಲಿ ಬಹಳ. ಅಲ್ಲಿ ಒಬ್ಬ ಹುಡುಗಿ ನನ್ನ ತರಗತಿಯಲ್ಲಿ ಕುಂಡ ಬಿಡಿಸುವ ಬದಲು ಸಾಲುಚುಕ್ಕೆಗಳಿಂದ ಒಂದು ಅಂದವಾದ ತೇರನ್ನು ಬಿಡಿಸಿದ್ದಳು. ಎಲ್ಲಿ ಕಲಿತೆಯಮ್ಮ ಎಂದರೆ, "ಅವ್ವನ ಕೈಮೇಲೆ ಐತೆ ಸಾರ್, ಪಚ್ಚಬೊಟ್ಟು" ಎಂದಳು. ಅವಳ ಪಾಲಿಗೆ ತಾಯಿಯ ಕೈಯೇ ಚಿತ್ರದ ಪುಸ್ತಕವಾಗಿದ್ದಿತು.

ನಮ್ಮ ಮನೆಯಲ್ಲಿಯೂ ಅಂಥ ಪುಸ್ತಕವೊಂದು ಇದ್ದಿತು. ನನ್ನ ತಾಯಿಯ ತಾಯಿ, ಅಜ್ಜಿ, ಇಪ್ಪತ್ತೆಂಟರ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡಳು. ಆ ಕಾಲದ ಪದ್ಧತಿ ವಾಚಕರಿಗೆ ತಿಳಿಯದ್ದಲ್ಲ. ಹತ್ತನೆಯ ದಿನ ಬಳೆ ಒಡೆದರು, ಕುಂಕುಮ ಅಳಿಸಿದರು, ತಾಳಿ ತೆಗೆದರು, ಕಾಲುಂಗುರ ಕಳಚಿದರು. ಹೂವಿನ ಮಾತು ಹೇಳತಕ್ಕದ್ದೇನು? ಎಲ್ಲವನ್ನೂ ತೆಗೆದ ಮೇಲೆ ಹಿರಿಯ ಹೆಂಗಸೊಬ್ಬಳು ಆಕೆಯ ಹಣೆಯನ್ನು ಸೆರಗಿನಿಂದ ಮತ್ತೆ ಮತ್ತೆ ಒರೆಸಿದಳಂತೆ. ಎರಡು ಹುಬ್ಬುಗಳ ನಡುವಣ ಹಚ್ಚೆಯ ಬೊಟ್ಟು ಹೋಗಲಿಲ್ಲ. ಹೇಗೆ ಹೋದೀತು? ಆಗ ನಾಲ್ಕು ವರ್ಷದವಳಾಗಿದ್ದ ನನ್ನ ತಾಯಿ ಒಡೆದ ಬಳೆಗಳನ್ನು ಕಂಡು ಹೆದರಿ ಅಳುತ್ತಿದ್ದವಳು, ಅಜ್ಜಿಯ ಮುಂಗೈಯ ತೊಟ್ಟಿಲನ್ನು ಹುಡುಕಿ ಅದರ ಮೇಲೆ ಕೈಯಿಟ್ಟುಕೊಂಡು ನಿದ್ರೆಹೋದಳಂತೆ. ತಾಯಿಯ ಮೈಮೇಲೆ ಆ ಮಗುವಿಗೆ ಗುರುತು ಸಿಕ್ಕಿದ್ದು ಅದೊಂದೇ. ಈ ಮಾತನ್ನು ನನ್ನ ತಾಯಿ ತನ್ನ ಕೊನೆಗಾಲದವರೆಗೂ ಹೇಳುತ್ತಿದ್ದಳು. ಹಚ್ಚೆಯ ವಿಚಾರ ಬಂದಾಗ ಅಸಹ್ಯವೆಂದು ಮೂಗು ಮುರಿಯುವ ಪಟ್ಟಣದ ನೆಂಟರ ಮುಂದೆ ನಾನು ಸುಮ್ಮನಿರಲಾರದೆ ಹೋದದ್ದಕ್ಕೆ ಇದೇ ಕಾರಣ.

ಅಜ್ಜಿ 1979ರಲ್ಲಿ ತೀರಿಕೊಂಡಳು. ಆಕೆಯದು ಒಂದೇ ಒಂದು ಭಾವಚಿತ್ರವಿದೆ, ತುಮಕೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಅದರಲ್ಲಿ ಎರಡು ಕೈಗಳೂ ಸೆರಗಿನೊಳಗಿವೆ. ತೊಟ್ಟಿಲು ಹೇಗಿದ್ದಿತೆಂದು ಇಂದು ಯಾರೂ ಹೇಳಲಾರರು.

ಹುಯ್ಯುವ ಕ್ರಮವನ್ನು ನನಗೆ ವಿವರವಾಗಿ ಹೇಳಿದವರು ಶಿರಾದ ಕಡೆ ಇರುವ ನನ್ನ ಸೋದರತ್ತೆ. ಅವರಿಗೆ ಈಗ ಎಂಬತ್ತೆಂಟು. ಕಣ್ಣು ಮಬ್ಬು, ಮಾತು ಸ್ಪಷ್ಟ.

"ಒಂಬತ್ತು ವರ್ಷ ಕಣಪ್ಪ ನಂಗೆ. ಸುಗ್ಗಿ ಮುಗಿದಿತ್ತು. ಕೊರವಂಜಿ ಬಂದ್ಲು, ತಲೆಮ್ಯಾಲೆ ಪುಟ್ಟಿ, ಕಂಕುಳಲ್ಲಿ ಕೂಸು. ನಮ್ಮವ್ವ ಜಗಲಿಮ್ಯಾಲೆ ಕೂರಿಸಿದ್ಲು. ನನ್ನನ್ನ ಇಬ್ಬರು ಹಿಡ್ಕಂಡ್ರು" ಎಂದು ಅತ್ತೆ ಆರಂಭಿಸಿದರು.

ಅವರ ಮಾತುಗಳನ್ನು ಒಟ್ಟುಗೂಡಿಸಿ ಹೇಳುವುದಾದರೆ ಕ್ರಮ ಹೀಗೆ: ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ಮಡಕೆಯ ಚೂರನ್ನು ಬೋರಲಾಗಿ ಹಿಡಿದು ಕಾಡಿಗೆ ಕಟ್ಟಿಸುವುದು. ಆ ಕಾಡಿಗೆಯನ್ನು ಗರುಗದ ಸೊಪ್ಪಿನ ರಸದಲ್ಲಿ ಅರೆದು, ಅದಕ್ಕೆ ಬಾಣಂತಿಯ ಎದೆಹಾಲನ್ನು ನಾಲ್ಕು ತೊಟ್ಟು ಸೇರಿಸಿ, ತೆಂಗಿನ ಚಿಪ್ಪಿನಲ್ಲಿ ಇಡುವುದು. ಕೊರವಂಜಿಯ ಕಂಕುಳ ಕೂಸು ಈ ಕಾರಣದಿಂದಲೂ ಉಪಯೋಗಕ್ಕೆ ಬಂದಿತೆನ್ನಬೇಕು. ಆಮೇಲೆ ಸಣ್ಣ ಕಡ್ಡಿಯನ್ನು ಮಸಿಯಲ್ಲಿ ಅದ್ದಿ ಕೈಯ ಮೇಲೆ ಮೊದಲು ಚುಕ್ಕೆ, ಅನಂತರ ಎಳೆ ಬರೆಯುವುದು. ಥೇಟು ರಂಗೋಲಿಯ ರೀತಿ. ಬರೆದದ್ದು ಒಪ್ಪಿಗೆಯಾದರೆ ಸೂಜಿಯ ಕೆಲಸ. ಮೂರೋ ನಾಲ್ಕೋ ಹೊಲಿಗೆಯ ಸೂಜಿಗಳನ್ನು ಮೊನೆಗಳು ಸಮನಾಗಿ ಬರುವಂತೆ ಸೇರಿಸಿ ದಾರದಿಂದ ಬಿಗಿಯಾಗಿ ಸುತ್ತಿರುತ್ತಾರೆ. ದಾರ ಸುತ್ತಿದ ಜಾಗದಿಂದಾಚೆಗೆ ಮೊನೆ ಎಷ್ಟು ಕಾಣುತ್ತದೆಯೋ ಅಷ್ಟೇ ಚುಚ್ಚುತ್ತದೆ. ಅದಕ್ಕಿಂತ ಆಳಕ್ಕೆ ಇಳಿಯುವುದಿಲ್ಲ. ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಬಲಗೈಯಿಂದ ಟಕಟಕನೆ ಒಂದರ ಪಕ್ಕದಲ್ಲೊಂದು ಚುಚ್ಚುತ್ತ ಹೋಗುವುದು. ರಕ್ತ ಒರೆಸಿ ಮತ್ತೊಮ್ಮೆ ಮಸಿ ತೀಡುವುದು. ಕೊನೆಗೆ ತಣ್ಣೀರಿನಿಂದ ತೊಳೆದು ಅರಿಸಿನ ಹಚ್ಚುವುದು.

"ಅಳಬಾರದು ಅಂತ ಪದ ಹೇಳೋಳು" ಎಂದರು ಅತ್ತೆ. ಪದ ಮುಗಿಯುವುದರೊಳಗೆ ತೊಟ್ಟಿಲು ಮುಗಿಯಬೇಕು. ಹುಡುಗಿ ಹೆಚ್ಚು ಅತ್ತರೆ ಪದ ಗಟ್ಟಿಯಾಗುತ್ತಿದ್ದಿತು. ಕೂಲಿಯಾಗಿ ಸಂದದ್ದು ಒಂದು ಸೇರು ರಾಗಿ, ಎಲೆಯಡಿಕೆ, ಒಂದು ಹಳೆಯ ಸೀರೆ.

"ಬೇಡ ಅನ್ನಲಿಲ್ಲವೇ ಅತ್ತೆ?" ಎಂದು ಕೇಳಿದೆ.

ಅತ್ತೆ ನಕ್ಕರು. "ನನ್ನನ್ನ ಕೇಳ್ದೋರು ಯಾರಪ್ಪ? ಹಚ್ಚೆ ಇಲ್ಲದ ಕೈಯಾಗೆ ನೀರು ಕೊಟ್ರೆ ಅತ್ತೆಮನೇಲಿ ಮುಟ್ಟಲ್ಲ ಅಂದ್ರು. ಹುಯ್ಸಿಬಿಟ್ರು."

ಹಳೆಯದೆಲ್ಲವನ್ನೂ ಹೊಗಳುವ ಅಭ್ಯಾಸ ನಮಗುಂಟು. ಆದರೆ ಒಂಬತ್ತು ವರ್ಷದ ಹುಡುಗಿಯನ್ನು ಇಬ್ಬರು ಹಿಡಿದುಕೊಂಡರು ಎಂಬ ಮಾತನ್ನು ಮರೆತು ಹಚ್ಚೆಯ ಅಂದವನ್ನು ಮಾತ್ರ ಹೊಗಳುವುದು ನ್ಯಾಯವಲ್ಲ. ಅದೇ ಸೂಜಿ ಅಂದು ಅದೇ ಬೀದಿಯ ಐದಾರು ಹುಡುಗಿಯರ ಕೈಗಳನ್ನು ಚುಚ್ಚಿತ್ತು ಎಂಬುದನ್ನೂ ಮರೆಯಬಾರದು.

ಇನ್ನು ಹುಯ್ದವರ ಮಾತು. ಕೊರಮ, ಕೊರಚ ಪಂಗಡದ ಹೆಂಗಸರು ಬುಟ್ಟಿ ಹೆಣೆಯುತ್ತ, ಕಣಿ ಹೇಳುತ್ತ, ಹಚ್ಚೆ ಹುಯ್ಯುತ್ತ ಊರೂರು ಅಲೆದವರು. ತೆಲುಗು ನಾಡಿನಲ್ಲಿ ಅವರೇ ಎರುಕಲರು. ನಮ್ಮ ಪುರಾಣಕಥೆಗಳಲ್ಲಿ ಕೊರವಂಜಿಗೆ ಎಂಥ ಮರ್ಯಾದೆ! ಪದ್ಮಾವತಿಯ ಅರಮನೆಗೆ ಹೋಗಬೇಕಾದಾಗ ಸಾಕ್ಷಾತ್ ಶ್ರೀನಿವಾಸನೇ ಕೊರವಂಜಿಯ ವೇಷ ಹಾಕಿದನೆಂದು ಕಥೆ. 1942ರಲ್ಲಿ ಡಾಕ್ಟರ್ ಎಂ. ಶಿವರಾಂ ಅವರು ಕನ್ನಡದ ಪ್ರಸಿದ್ಧ ಹಾಸ್ಯಪತ್ರಿಕೆಗೆ 'ಕೊರವಂಜಿ' ಎಂದೇ ಹೆಸರಿಟ್ಟರು. ಆದರೆ ಕಥೆಯ ಕೊರವಂಜಿಗೆ ದೊರೆತ ಅರಮನೆಯ ಒಳಬಾಗಿಲು ಊರಿನ ಕೊರವಂಜಿಗೆ ದೊರೆಯಲಿಲ್ಲ. ಆಕೆಗೆ ದೊರೆತದ್ದು ಜಗಲಿ. ಸರಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ಎಂಬುದನ್ನು ಮಾಡಿದರು. ಮುಂದೆ ಅದು ಮದರಾಸು ಪ್ರಾಂತಕ್ಕೂ ಬಂದು, ಅಲ್ಲಿಯ ಕೊರವ ಪಂಗಡಗಳವರು ಹುಟ್ಟಿನಿಂದಲೇ ಸಂಶಯಕ್ಕೆ ಗುರಿಯಾದರು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ. ಹಗಲು ಆಕೆಯ ಕೈಗೆ ಮಗಳ ಕೈಯನ್ನು ಕೊಟ್ಟವರು ರಾತ್ರಿಯಾದರೆ ಕೋಳಿಗೂಡಿನ ಬಾಗಿಲನ್ನು ಎರಡು ಸಲ ನೋಡುತ್ತಿದ್ದರು.

ಮದರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಕೊರವ ಹೆಂಗಸರ ಹಚ್ಚೆಯ ಕಸುಬಿನ ಪ್ರಸ್ತಾಪವುಂಟು. ದೊರೆಗಳು ಜನರ ಮೂಗಿನ ಅಗಲವನ್ನೂ ಅಳೆದು ಬರೆದಿಟ್ಟರು. ಆದರೂ ಹಚ್ಚೆ ಹುಯ್ದ ಹೆಂಗಸು ಪುಸ್ತಕದಲ್ಲಿ ಜಾತಿಯಾಗಿ ಉಳಿದಳಲ್ಲದೆ ಹೆಸರಾಗಿ ಉಳಿಯಲಿಲ್ಲ.

ಇಷ್ಟೆಲ್ಲ ಹಿಂದಿನ ಕಾಲದ ಮಾತಾಯಿತು. ಈಗಿನ ಕಾಲದ ಮಾತು ನಮ್ಮ ಮನೆಯೊಳಕ್ಕೆ ಬಂದದ್ದು ನನ್ನ ಮಗಳ ಮೂಲಕ. ಆಕೆ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಯುಗಾದಿಗೆ ಬಂದವಳು, "ಅಪ್ಪಾ, ಶಿರಾದ ಅಜ್ಜಿಯ ಕೈಯಲ್ಲಿರುವ ತೊಟ್ಟಿಲನ್ನು ನಾನೂ ಹಾಕಿಸಿಕೊಳ್ಳುತ್ತೇನೆ" ಎಂದಳು. ನನ್ನ ಹೆಂಡತಿ ಒಗ್ಗರಣೆಯ ಸೌಟನ್ನು ಹಿಡಿದುಕೊಂಡೇ ಹೊರಗೆ ಬಂದಳು. ಮೂರು ತಲೆಮಾರಿನಿಂದ ಓದು ಕಲಿತು, ಪೇಟೆ ಸೇರಿ, ಹಚ್ಚೆಯಿಂದ ಬಿಡುಗಡೆ ಪಡೆದ ವಂಶದಲ್ಲಿ ಮತ್ತೆ ಇದೇನು ಎಂಬುದು ಆಕೆಯ ವಾದ. ಅಮ್ಮನಿಗೆ ಯಾರೂ ಆಯ್ಕೆ ಕೊಡಲಿಲ್ಲ, ನನಗೆ ಉಂಟು ಎಂಬುದು ಮಗಳ ವಾದ. ಇಬ್ಬರ ನಡುವೆ ನಾನು, ಡ್ರಾಯಿಂಗ್ ಮೇಷ್ಟರು, ಮಾಡಬಹುದಾಗಿದ್ದ ಕೆಲಸ ಒಂದೇ. ಬೆಣ್ಣೆ ಕಾಗದ, ಪೆನ್ಸಿಲು ತೆಗೆದುಕೊಂಡು ಶಿರಾದ ಬಸ್ಸು ಹತ್ತಿದೆ; ಅತ್ತೆಯ ಕೈಯ ಮೇಲೆ ಕಾಗದ ಹರಡಿ ತೊಟ್ಟಿಲನ್ನು ಚುಕ್ಕೆ ಚುಕ್ಕೆಯಾಗಿ ಎತ್ತಿಕೊಂಡೆ. ಎಂಬತ್ತು ವರ್ಷಗಳ ಕೈ. ಚರ್ಮ ಸುಕ್ಕಾಗಿ ಕೆಲವು ಎಳೆಗಳು ಅಗಲವಾಗಿದ್ದವು. ಆದರೂ ಹದಿಮೂರು ಚುಕ್ಕೆಗಳಲ್ಲಿ ಒಂದೂ ಕಳೆದಿರಲಿಲ್ಲ.

ಅತ್ತೆ ಮಗಳಿಗೆ ಹೇಳಿಕಳಿಸಿದ ಮಾತು ಇಷ್ಟೇ: "ನಿನ್ನನ್ನ ಯಾರೂ ಹಿಡ್ಕಂಡಿಲ್ಲ ಅಂತ ಹೇಳು. ಅದಕ್ಕೇ ಒಂದು ತಿಂಗಳು ಯೋಚನೆ ಮಾಡು ಅಂತ ಹೇಳು."

ಮಗಳು ಎರಡು ತಿಂಗಳು ಯೋಚಿಸಿದಳು. ಆಮೇಲೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಅಂಗಡಿ ಎಂದರೆ ಹಲ್ಲಿನ ಡಾಕ್ಟರ ಕೋಣೆಯಂತೆ ಇದ್ದಿತು. ಹಚ್ಚೆ ಹಾಕುವವನು ಮೂವತ್ತರ ಒಳಗಿನ ತರುಣ. ನನ್ನ ವೃತ್ತಿ ತಿಳಿದು ಗುರುವಿಗೆ ಕೊಡುವ ಮರ್ಯಾದೆ ಕೊಟ್ಟು, ಒಂದೊಂದು ಉಪಕರಣವನ್ನೂ ತೋರಿಸಿದ.

ಯಂತ್ರದ ಕಥೆ ಸ್ವಾರಸ್ಯವಾದದ್ದು. ಅಮೆರಿಕದ ಎಡಿಸನ್ ಮಹಾಶಯ 1876ರಲ್ಲಿ ಕಾಗದದ ಮೇಲೆ ಸಣ್ಣ ತೂತುಗಳನ್ನು ಕೊರೆದು ಪ್ರತಿಗಳನ್ನು ತೆಗೆಯುವ ಒಂದು ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದ. ಕಚೇರಿಗಳಲ್ಲಿ ಅದು ಬಹುಕಾಲ ನಡೆಯಲಿಲ್ಲ. ಕಾಗದವನ್ನು ಚುಚ್ಚುವ ಲೇಖನಿ ಚರ್ಮವನ್ನು ಏಕೆ ಚುಚ್ಚಬಾರದು ಎಂದು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಯೋಚಿಸಿ, 1891ರಲ್ಲಿ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ಆಮೇಲೆ ಬಂದ ಕಾಯಿಲ್ ಯಂತ್ರಕ್ಕೂ ನಮ್ಮ ಬಾಗಿಲ ಕರೆಗಂಟೆಗೂ ತತ್ತ್ವ ಒಂದೇ: ತಂತಿಸುರುಳಿಗೆ ವಿದ್ಯುತ್ ಹರಿದರೆ ಅದು ಅಯಸ್ಕಾಂತವಾಗಿ ಕಬ್ಬಿಣದ ಪಟ್ಟಿಯನ್ನು ಎಳೆಯುತ್ತದೆ, ಎಳೆದೊಡನೆ ಸಂಪರ್ಕ ತಪ್ಪುತ್ತದೆ, ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ತರುತ್ತದೆ, ಮತ್ತೆ ಸಂಪರ್ಕ. ಗಂಟೆಯಲ್ಲಿ ಸುತ್ತಿಗೆ ಬಡಿದರೆ ಇಲ್ಲಿ ಸೂಜಿ ಇಳಿಯುತ್ತದೆ, ಸೆಕೆಂಡಿಗೆ ನೂರರ ಆಸುಪಾಸು ಸಲ. ಇನ್ನೊಂದು ಬಗೆಯಲ್ಲಿ ಸಣ್ಣ ಮೋಟಾರು ತಿರುಗಿ ಸೂಜಿಯನ್ನು ಹೊಲಿಗೆ ಯಂತ್ರದ ಹಾಗೆ ಏರಿಳಿಸುತ್ತದೆ.

"ಸಾರ್, ಎಳೆಗೆ ಒಂದು ಸೂಜಿ, ನೆರಳಿಗೆ ಒಂದು" ಎಂದು ತರುಣ ಎರಡನ್ನು ನನ್ನ ಮುಂದಿಟ್ಟ. ಎಳೆಯ ಸೂಜಿಗೆ ಅವರ ಭಾಷೆಯಲ್ಲಿ ಲೈನರ್ ಎಂದು ಹೆಸರು. ಮೂರು, ಐದು, ಏಳು ಸೂಜಿಗಳನ್ನು ಒತ್ತಾಗಿ ದುಂಡಗೆ ಕೂಡಿಸಿ ಬೆಸೆದದ್ದು. ಅತ್ತೆ ಹೇಳಿದ ದಾರ ಸುತ್ತಿದ ಸೂಜಿಗಳ ಕಂತೆಯೇ ಉಕ್ಕಿನಲ್ಲಿ ಮರುಹುಟ್ಟು ಪಡೆದಂತಿತ್ತು. ನೆರಳಿನದು ಶೇಡರ್, ಅದರಲ್ಲಿ ಸೂಜಿಗಳು ಸಡಿಲವಾಗಿ ಹರಡಿರುತ್ತವೆ. ಮ್ಯಾಗ್ನಮ್ ಎಂಬುದರಲ್ಲಿ ಎರಡು ಸಾಲುಗಳಾಗಿ, ಬಣ್ಣ ಬಳಿಯುವ ಚಪ್ಪಟೆ ಕುಂಚದಂತೆ ಇರುತ್ತವೆ.

ಎಳೆ ಎಳೆಯುವಾಗ ಚರ್ಮ ತಮಟೆಯಂತೆ ಬಿಗಿದಿರಬೇಕು. ಮಣಿಕಟ್ಟನ್ನು ಆಡಿಸದೆ ಇಡೀ ತೋಳು ಒಂದೇ ವೇಗದಲ್ಲಿ ಸರಿಯಬೇಕು. ಮಧ್ಯದಲ್ಲಿ ನಿಂತರೆ ಮಸಿ ಗಂಟುಕಟ್ಟುತ್ತದೆ; ಓಡಿದರೆ ಎಳೆ ಹರಿದುಹರಿದು ಬರುತ್ತದೆ. ಆಳದ ಲೆಕ್ಕ ಮಿಲಿಮೀಟರುಗಳದು, ಒಂದರಿಂದ ಎರಡರೊಳಗೆ. ಮೇಲೇ ಉಳಿದರೆ ಕೆಲವೇ ವಾರಗಳಲ್ಲಿ ಹೊರಚರ್ಮದೊಡನೆ ಉದುರಿಹೋಗುತ್ತದೆ. ಹೆಚ್ಚು ಇಳಿದರೆ ಒತ್ತುಕಾಗದದ ಮೇಲೆ ಬಿದ್ದ ಶಾಯಿಯಂತೆ ಹರಡಿಕೊಳ್ಳುತ್ತದೆ. ನೆರಳಿನ ಕ್ರಮ ಬೇರೆ. ಮಸಿಯನ್ನು ನೀರಿನಿಂದ ತೆಳುಮಾಡಿ ನಾಲ್ಕಾರು ಪುಟ್ಟ ಬಟ್ಟಲುಗಳಲ್ಲಿ ಗಾಢದಿಂದ ತಿಳಿಯವರೆಗೆ ಸಾಲಾಗಿ ಇಟ್ಟುಕೊಳ್ಳುತ್ತಾರೆ. ನಮ್ಮ ಹುಡುಗರು ಹೆಚ್ಬಿ, ಟೂಬಿ, ಸಿಕ್ಸ್‌ಬಿ ಪೆನ್ಸಿಲುಗಳನ್ನು ಇಟ್ಟುಕೊಳ್ಳುವುದಿಲ್ಲವೆ, ಹಾಗೆ. ಸೂಜಿಯನ್ನು ಕೊಂಚ ಓರೆಯಾಗಿ ಹಿಡಿದು, ಗಡಿಯಾರದ ಲೋಲಕದಂತೆ ಬೀಸಿ, ಬೀಸಿನ ಕೊನೆಯಲ್ಲಿ ಚರ್ಮದಿಂದ ಎತ್ತಿಬಿಟ್ಟರೆ ಕಪ್ಪು ತಾನಾಗಿ ತಿಳಿಯಾಗುತ್ತ ಹೋಗುತ್ತದೆ. ಚುಕ್ಕೆಗಳನ್ನು ಮೊದಲು ಒತ್ತಾಗಿ, ಬರುಬರುತ್ತ ವಿರಳವಾಗಿ ಇಟ್ಟೂ ನೆರಳನ್ನು ತರಬಹುದು. ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಿದ ನನಗೆ ಇದೆಲ್ಲ ಹಳೆಯ ಪಾಠವೇ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ರಬ್ಬರು ಇಲ್ಲ.

ನನ್ನ ಹಸಿರಿನ ಸಂಶಯವನ್ನು ಅವನ ಮುಂದಿಟ್ಟೆ. ಅವನ ಸೀಸೆಯ ಕಪ್ಪು ಮಸಿಯೂ ಇಂಗಾಲದ ಪುಡಿಯೇ. ಅಂದರೆ ಅಜ್ಜಿಯ ದೀಪದ ಕಾಡಿಗೆಯ ಬಂಧುವೇ. ಚರ್ಮದ ಅಡಿಯಲ್ಲಿರುವ ಕಪ್ಪನ್ನು ನಾವು ಚರ್ಮದ ಮೂಲಕ ನೋಡುತ್ತೇವೆ. ಬೆಳಕು ಚರ್ಮದೊಳಗೆ ಚೆದರುವುದರಿಂದ ಕಪ್ಪು ನೀಲಿಯಾಗಿ, ಮೇಲಿನ ಕಂದುಬಣ್ಣ ಸೇರಿ ಹಸಿರಾಗಿ ಕಾಣುತ್ತದೆ. ಪಚ್ಚೆ ಎಂದು ಹೆಸರಿಟ್ಟವರು ಸರಿಯಾಗಿಯೇ ನೋಡಿದ್ದರು.

ಬಣ್ಣ ಉಳಿಯುವುದು ಹೇಗೆಂಬುದಕ್ಕೂ ಈಗ ಉತ್ತರವುಂಟು. ಮೈಗೆ ಹೊಕ್ಕ ಮಸಿಯ ಕಣಗಳನ್ನು ನುಂಗಲು ಕಾವಲು ಕಣಗಳು ಓಡಿಬರುತ್ತವೆ. ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಆ ಕಾವಲುಗಾರ ಸತ್ತಾಗ ಮಸಿ ಹೊರಬೀಳುತ್ತದೆ; ಹೊಸಬ ಬಂದು ಅದನ್ನೇ ನುಂಗುತ್ತಾನೆ. ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗಮಾಡಿ 2018ರಲ್ಲಿ ಇದನ್ನು ಪ್ರಕಟಿಸಿದರು. ಹೀಗೆ ಕೈಯಿಂದ ಕೈಗೆ ದಾಟುತ್ತ ಹಚ್ಚೆ ಉಳಿಯುತ್ತದೆ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ ಮನುಷ್ಯನ ದೇಹಕ್ಕೆ ಐದು ಸಾವಿರ ವರ್ಷಗಳಿಗೂ ಮೇಲ್ಪಟ್ಟ ವಯಸ್ಸು; ಅವನ ಮೈಮೇಲೆ 61 ಹಚ್ಚೆಯ ಗುರುತುಗಳು ಇನ್ನೂ ಕಾಣುತ್ತವೆ. ಅವೂ ಎಳೆಗಳೇ, ನೆರಳಲ್ಲ.

ನಾನು ತೆಗೆದಿದ್ದ ಬೆಣ್ಣೆ ಕಾಗದವನ್ನು ತರುಣ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಸಾರ್, ಇದಕ್ಕೆ ನೆರಳು ಹಾಕಬಾರದು" ಎಂದ. "ವರ್ಷ ಕಳೆದಂತೆ ಪ್ರತಿಯೊಂದು ಚುಕ್ಕೆಯೂ ಕೊಂಚ ಅಗಲವಾಗುತ್ತದೆ. ತೆಳುವಾದ ನೆರಳು ಮಾಸಿ ಕಲೆಯಾಗಿ ಕಾಣುತ್ತದೆ. ಇದನ್ನು ಬರೆದವರು ಚುಕ್ಕೆಚುಕ್ಕೆಗೂ ಜಾಗ ಬಿಟ್ಟಿದ್ದಾರೆ ನೋಡಿ. ಎಂಬತ್ತು ವರ್ಷ ಆದಮೇಲೂ ಒಂದಕ್ಕೊಂದು ಅಂಟಿಲ್ಲ."

ಕೇಳಿ ನಾನು ಬೆರಗಾದೆ. ಅಕ್ಷರ ಬಾರದ ಹೆಂಗಸು, ಜಗಲಿಯ ಮೇಲೆ ಕುಳಿತು, ಅಳುವ ಹುಡುಗಿಯ ಕೈಯ ಮೇಲೆ, ಆ ಕೈ ಬೆಳೆದು ದೊಡ್ಡದಾಗುವುದನ್ನೂ ಮುದಿಯಾಗಿ ಸುಕ್ಕುವುದನ್ನೂ ಲೆಕ್ಕದಲ್ಲಿಟ್ಟುಕೊಂಡು ಚುಕ್ಕೆಯಿಟ್ಟಿದ್ದಳು. ನಮ್ಮ ಹಚ್ಚೆಯಲ್ಲಿ ನೆರಳಿಲ್ಲ ಎಂಬುದನ್ನು ನಾನು ಅದುವರೆಗೆ ಒಂದು ಕೊರತೆಯೆಂದು ಭಾವಿಸಿದ್ದವರನ್ನು ಕಂಡಿದ್ದೆ. ಅದು ಕೊರತೆಯಲ್ಲ, ಬಾಳಿಕೆಯ ಅರಿವು.

ಅಂಗಡಿಯ ಇನ್ನೊಂದು ಗುಣವನ್ನೂ ಹೇಳಬೇಕು. ತರುಣ ನಮ್ಮೆದುರಿಗೆ ಸೂಜಿಯ ಹೊಸ ಪೊಟ್ಟಣವನ್ನು ಒಡೆದ, ಕೈಚೀಲ ಹಾಕಿದ, ಮಸಿಯನ್ನು ಸಣ್ಣ ಬಟ್ಟಲಿಗೆ ಬಗ್ಗಿಸಿ, ಕೆಲಸ ಮುಗಿದೊಡನೆ ಬಟ್ಟಲನ್ನೂ ಸೂಜಿಯನ್ನೂ ಬಿಸಾಡಿದ. ಉಕ್ಕಿನ ಹಿಡಿಕೆಗಳನ್ನು 121 ಡಿಗ್ರಿ ಶಾಖದ ಹಬೆಯಲ್ಲಿ ಶುದ್ಧಮಾಡುವ ಪೆಟ್ಟಿಗೆಯನ್ನೂ ತೋರಿಸಿದ. ಇದಕ್ಕೆ ಪ್ರತಿಯಾಗಿ, ಹೆಸರು ಹೇಳಬೇಕಾಗಿಲ್ಲದ ಒಂದು ಜಾತ್ರೆಯಲ್ಲಿ ನಮ್ಮ ನೆರೆಮನೆಯ ಹುಡುಗ ಬ್ಯಾಟರಿ ಯಂತ್ರದಿಂದ ತೋಳಿನ ಮೇಲೆ ಹೆಸರು ಬರೆಸಿಕೊಂಡು ಬಂದ. ಸಾಲಿನಲ್ಲಿ ನಿಂತವರಿಗೆಲ್ಲ ಒಂದೇ ಸೂಜಿ, ಒಂದೇ ಮಸಿಯ ಬಟ್ಟಲು. ಮೂರನೆಯ ದಿನಕ್ಕೆ ತೋಳು ಊದಿ ಜ್ವರ ಬಂದಿತು. ಹತ್ತು ದಿನ ಔಷಧಿಯಾಯಿತು. ಅವನ ಅದೃಷ್ಟ, ಅಷ್ಟರಲ್ಲೇ ಹೋಯಿತು. ಒಬ್ಬರ ರಕ್ತ ತಾಕಿದ ಸೂಜಿ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿಗಳನ್ನೂ ತಂದೊಡ್ಡಬಲ್ಲುದು. ಹಚ್ಚೆ ಹಾಕಿಸಿಕೊಂಡವರಿಂದ ಒಂದು ವರ್ಷ ರಕ್ತದಾನ ಪಡೆಯಬಾರದೆಂದು ನಮ್ಮಲ್ಲಿ ನಿಯಮವಿರುವುದು ಇದರಿಂದಲೇ. ಮಸಿಯಲ್ಲೂ ಎಚ್ಚರ ಬೇಕು. ಶಾಯಿಯ ಮಾದರಿಗಳಲ್ಲಿ ಹಲವು ಲೋಹಗಳು ಕಂಡುಬಂದವೆಂದು 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವರೇ ನಿಯಂತ್ರಣದ ಅಗತ್ಯವನ್ನು ಪ್ರಸ್ತಾಪಿಸಿದರು. ಸೈನ್ಯಕ್ಕೆ ಸೇರಬೇಕೆಂಬ ನಮ್ಮ ಕಡೆಯ ಹುಡುಗರು ಇನ್ನೊಂದನ್ನೂ ತಿಳಿದಿರಬೇಕು: ಭರ್ತಿಯಲ್ಲಿ ಹಚ್ಚೆ ಮೈಯ ಯಾವ ಭಾಗದಲ್ಲಿದೆ, ಎಂಥದ್ದು ಎಂಬುದನ್ನು ನೋಡುತ್ತಾರೆ. ಲೇಸರಿನಿಂದ ತೆಗೆಸಬಹುದಲ್ಲ ಎನ್ನುವವರುಂಟು. ಅದು ಹಾಕಿಸಿದ್ದಕ್ಕಿಂತ ಹೆಚ್ಚು ನೋವು, ಹೆಚ್ಚು ಹಣ, ಹಲವು ಬಾರಿಯ ಓಡಾಟ.

ಮಗಳ ಮುಂಗೈಯ ಮೇಲೆ ತೊಟ್ಟಿಲು ಮೂಡಿತು. ಹದಿಮೂರು ಚುಕ್ಕೆ, ಏಳು ಎಳೆ. ಪದ ಹೇಳುವವರಿರಲಿಲ್ಲ, ಯಂತ್ರದ ಗುಂಯ್‌ಗುಡುವಿಕೆಯೊಂದೇ. ಗಾಯ ಮಾಯ್ದ ಮೇಲೆ ಅವಳನ್ನು ಶಿರಾಕ್ಕೆ ಕರೆದುಕೊಂಡು ಹೋದೆ. ಅತ್ತೆ ಕೈಯನ್ನು ಹಿಡಿದು ಬೆರಳಿನಿಂದ ಸವರಿ ನೋಡಿದರು. ಎಲ್ಲಿಯೂ ಗಂಟಿಲ್ಲ, ಕೆಲಸ ಚೆನ್ನಾಗಿದೆ ಎಂದರು. "ಯಾರವ್ವ ಹುಯ್ದೋರು? ಹೆಸರೇನು?" ಎಂದರು. ಮಗಳು ಹೇಳಿದಳು, ಅಂಗಡಿಯವನು ತನ್ನ ಹೆಸರಿನ ಚೀಟಿಯನ್ನೇ ಕೊಟ್ಟಿದ್ದನಲ್ಲ. "ನಿಮಗೆ ಹುಯ್ದವರ ಹೆಸರೇನು ಅಜ್ಜಿ?" ಎಂದು ಮಗಳು ಮರುಪ್ರಶ್ನೆ ಹಾಕಿದಳು. ಅತ್ತೆ ಬಹಳ ಹೊತ್ತು ನೆನಪು ಮಾಡಿಕೊಂಡರು. ಆ ಕೊರವಂಜಿಯ ಪುಟ್ಟಿ ನೆನಪಿತ್ತು, ಕೂಸಿನ ಕೊರಳ ಕರಿದಾರ ನೆನಪಿತ್ತು, ಪದದ ಧಾಟಿಯೂ ನೆನಪಿತ್ತು. "ಕೊರವಂಜಿ ಅಂತಿದ್ವಿ ಕಣವ್ವ, ಹೆಸರು ಯಾರೂ ಕೇಳಲಿಲ್ಲ" ಎಂದರು.

ಅಂದಿನಿಂದ ಬೆಣ್ಣೆ ಕಾಗದದ ಕೆಲಸವನ್ನು ನಾನು ಬಿಟ್ಟಿಲ್ಲ. ನಾಲ್ಕು ತಾಲ್ಲೂಕುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ಮನೆಗಳುಂಟು; ಮನೆಗಳಲ್ಲಿ ಅವರ ಅಜ್ಜಿಯರು, ಅವ್ವಂದಿರು. ಒಪ್ಪಿಗೆ ಕೊಟ್ಟವರ ಕೈಯಿಂದ ಮಾತ್ರ ಎತ್ತಿಕೊಳ್ಳುತ್ತೇನೆ. ಇದುವರೆಗೆ 37 ಹಾಳೆಗಳಾಗಿವೆ. ನಿಮ್ಮ ಮನೆಯಲ್ಲಿಯೂ ಅಂಥ ಕೈಯೊಂದು ಇದ್ದರೆ, ಈ ಭಾನುವಾರ ಒಂದು ಹಾಳೆ, ಒಂದು ಪೆನ್ಸಿಲು ಹಿಡಿದು ಅದರ ಬಳಿ ಕುಳಿತುಕೊಳ್ಳಿರೆಂದು ಕೇಳಿಕೊಳ್ಳುತ್ತೇನೆ. ಚಿತ್ರ ಬರಬೇಕೆಂದಿಲ್ಲ, ಹಾಳೆಯೇ ಚಿತ್ರವನ್ನು ಎತ್ತಿಕೊಡುತ್ತದೆ. ನಾನು ಪ್ರತಿ ಹಾಳೆಯ ಕೆಳಗೂ ನಾಲ್ಕು ಗೆರೆ ಎಳೆದಿದ್ದೇನೆ: ಹಚ್ಚೆಯ ಹೆಸರು, ಹುಯ್ಸಿಕೊಂಡವರು, ಊರು, ಹುಯ್ದವರು. ಮೊದಲ ಮೂರು ಗೆರೆಗಳು ತುಂಬಿವೆ. ನಾಲ್ಕನೆಯದರಲ್ಲಿ ಬರೆಯಲು ಈವರೆಗೆ ಒಂದು ಹೆಸರೂ ದೊರೆತಿಲ್ಲ. ಗೆರೆಯನ್ನು ಮಾತ್ರ ಪ್ರತಿ ಹಾಳೆಯಲ್ಲಿಯೂ ಎಳೆಯುತ್ತಲೇ ಇದ್ದೇನೆ.